ವೀರಗಲ್ಲಿನ ನಡುಪಟ್ಟಿ

೧೪ ಅಕ್ಟೋಬರ್ ೨೦೦೯, ಬುಧವಾರ. ಆಸ್ಟಿನ್.

ನಮ್ಮ ಚಿತ್ರದ ಸಮುರಾಯ್‌ಗಳು ಇನ್ನು ಸಾಯುವುದಿಲ್ಲ. ಇವತ್ತು ತೀರ್ಮಾನವಾಯಿತು. ಮೂಲ ಜಪಾನಿ ಕಥೆಯಲ್ಲಿ ಒಡೆಯನ ಸಾವಿಗೆ ಸೇಡು ತೀರಿಸಿಕೊಂಡು, ಶಿಕ್ಷೆಗೆ ತಲೆಬಾಗಿ, ತಮ್ಮ ಹೊಟ್ಟೆಯನ್ನು ತಾವೇ ಬಗೆದುಕೊಂಡವರು ಅವರು. ಕೋಟಿಗಟ್ಟಲೆ ಡಾಲರಿನ ಈ ಚಿತ್ರದಲ್ಲಿ ಆಕಾಶಕ್ಕೆ ಹಾರಿಹೋಗುತ್ತಾರೆ.

ಹಾರಿಸಿದವಳು ನಾನೇ. ಆ ಸಾವನ್ನು ಉಳಿಸಲೆಂದೇ ಕಳೆದ ವಾರ ಸ್ಕ್ರಿಪ್ಟ್ ಮೀಟಿಂಗಿನಲ್ಲಿ ನಮ್ಮ ಕಡೆಯ ವೀರಗಲ್ಲಿನ ಫೋಟೋ ತೋರಿಸಿದೆ. ಕೆಳಗಿನ ಪಟ್ಟಿಯಲ್ಲಿ ಕಾದಾಡಿ ಬಿದ್ದವನು, ನಡುಪಟ್ಟಿಯಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಅವನು ಸತ್ತದ್ದಕ್ಕೇ ಊರು ಕಲ್ಲು ನೆಟ್ಟಿತು ಎಂದೆ. ನಿರ್ಮಾಪಕರು ಅಪ್ಸರೆಯರನ್ನಷ್ಟೇ ಇಟ್ಟುಕೊಂಡು ಕೆಳಗಿನ ಹೆಣವನ್ನು ತೆಗೆದುಹಾಕಿದರು.

ಗ್ರಾಫಿಕ್ಸ್ ಮಾಡುವ ಅನಿರುದ್ಧ್‌ಗೆ ಖುಷಿಯೋ ಖುಷಿ.

"ಲೇ, ನಿನ್ ಐಡಿಯಾನೇ ಕಣೇ! ಪಾರ್ಟಿ ಯಾವಾಗ?"

"ಹೆಣ ಎಲ್ಲೋ?"

"ಹೆಣ ನೋಡಕ್ಕೆ ಯಾರೇ ಟಿಕೆಟ್ ತಗೋತಾರೆ?"

ಕಥೆ ಜನರ ಸ್ವತ್ತು, ಮಾರಾಟಕ್ಕಿಲ್ಲ ಎಂದು ಕ್ಯಾಂಪಸ್ಸಿನಲ್ಲಿ ನಾನು ಹಂಚಿದ ಕರಪತ್ರ ಮೇಜಿನ ಮೇಲಿದೆ. ಅದನ್ನು ಮಗುಚಿಟ್ಟೆ.

ಅಪ್ಸರೆಯರ ಸೀರೆಗೆ ಯಾವ ಬಣ್ಣ ಎಂದು ಸಂಜೆ ಮೇಲ್ ಬಂದಿತ್ತು. ಕೆಲಸ ಬಿಡುತ್ತೇನೆ ಎಂದು ಉತ್ತರ ಬರೆಯಲು ಕೂತೆ. ಕೊನೆಗೆ ಕಳಿಸಿದ್ದು ಎರಡೇ ಪದ, ಕಡು ಕೆಂಪು. ಆ ಸಮುರಾಯ್‌ಗಳ ರಕ್ತದ ಬಣ್ಣವಾದರೂ ಎಲ್ಲೋ ಒಂದು ಕಡೆ ಉಳಿಯಲಿ.