ಭಾನುವಾರದ ರೊಟ್ಟಿ, ಭಾನುವಾರದ ಕೈವಾರ

ಅತ್ತೆಯವರಿಗೆ, ನಿಮ್ಮ ಸೊಸೆ ಸುಮಾ ಮಾಡುವ ನಮಸ್ಕಾರಗಳು.

ಈ ವಾರ ಕನ್ನಡದ ಮೇಡಂ ಪತ್ರ ಬರೆಯುವುದನ್ನು ಕಲಿಸಿದರು. ತರಗತಿಯಲ್ಲಿ ಕಲಿತದ್ದನ್ನು ಆತ್ಮೀಯರೊಬ್ಬರಿಗೆ ಬರೆದುಕೊಂಡು ಬನ್ನಿ ಎಂದರು. ನನಗೆ ನಿಮ್ಮನ್ನು ಬಿಟ್ಟು ಇನ್ಯಾರು ನೆನಪಾಗಬೇಕು? ವಿಳಾಸ ಇಲ್ಲದಿದ್ದರೆ ಅಂಕ ಕಳೆಯುತ್ತಾರಂತೆ. ಕಳೆಯಲಿ ಬಿಡಿ.

ಅವತ್ತು ಒಲೆ ಮುಂದೆ ಕೂತು ನೀವೇ ಈ ವಿಷಯ ತೆಗೆದಿರಿ. ಮನೆಯಿಂದಲೇ ಓದಿ ಹತ್ತನೇ ತರಗತಿಯ ಪರೀಕ್ಷೆ ಕಟ್ಟುವವರಿಗೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಭಾನುವಾರ ಪಾಠ ನಡೆಯುತ್ತದೆ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದಿದ್ದಿರಿ. ನಾನು ಹಿಂಜರಿದೆ. ಹರಿಹರದಲ್ಲಿ ನಮ್ಮ ರೊಟ್ಟಿಗೆ ಭಾನುವಾರವೇ ಗಿರಾಕಿ ಹೆಚ್ಚಲ್ಲವೇ? "ಮದುವಿಗಂತ ನಿನ್ನ ಶಾಲಿ ಬಿಡಿಸಿದವರಾಗ ನಾನೂ ಒಬ್ಬಾಕಿ," ಎಂದಿರಿ. "ಭಾನುವಾರದ ರೊಟ್ಟಿ ನಾನು ನೋಡ್ಕಂತೀನಿ, ನೀನು ಹೋಗು." ಪಾಠ ಶುರುವಾಗುವ ಮೊದಲೇ ನೀವು...

ನಿಮ್ಮ ಕಾರ್ಯ ಮುಗಿದ ಮೇಲೆ, ಪಾಠಕ್ಕೆ ಬರೆಸಿದ್ದ ಹೆಸರು ತೆಗೆಸಿಬಿಡುತ್ತೇನೆ ಎಂದು ನಿಮ್ಮ ಮಗನಿಗೆ ಹೇಳಿದೆ. "ಅವ್ವ ಹೇಳ್ಯಾಳಲ್ಲ, ಹೋಗು," ಎಂದರು. ರೊಟ್ಟಿ ಯಾರು ತಟ್ಟುತ್ತಾರೆ ಎಂದು ಕೇಳಿದೆ. "ನೋಡಾಣ," ಅಂದರು, ಅಷ್ಟೇ.

ಮೊದಲ ರೇಖಾಗಣಿತದ ಪಾಠ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸರ್ ವೃತ್ತ ಎಳೆಯಲು ಹೇಳಿದರು. ನಾನು ಕೈವಾರವನ್ನು ಅಲ್ಲಾಡದಂತೆ ಹಿಡಿದು ಹಾಳೆಯನ್ನೇ ತಿರುಗಿಸಿದೆ. ಇಷ್ಟು ವರ್ಷ ಹಲಗೆಯ ಮೇಲೆ ರೊಟ್ಟಿ ತಿರುಗಿಸಿದ ಕೈ ಇನ್ನೇನು ಮಾಡೀತು? ಹಾಳೆ ಹರಿಯಿತು, ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕರು. "ಹಾಳಿ ಅಲ್ಲೇ ಇರ್ಲಿ ಬಿಡ್ರಿ, ಕೈವಾರ ತಿರುಗಿಸ್ರಿ," ಎಂದರು ಸರ್. ಇದು ನನಗಲ್ಲ, ಇವತ್ತಿಗೇ ಸಾಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದೆ.

ಮನೆ ಬಾಗಿಲಲ್ಲಿ ಕಂಡದ್ದನ್ನು ನಿಮಗೆ ಹೇಗೆ ಹೇಳಲಿ? ಕುಡಿಯುವ ನೀರನ್ನೂ ಕೂತಲ್ಲಿಗೇ ತರಿಸಿಕೊಳ್ಳುತ್ತಿದ್ದ ನಿಮ್ಮ ಮಗ ನಿಮ್ಮ ಮಣೆಯ ಮೇಲೆ ಕೂತಿದ್ದರು. ಮೀಸೆಗೆಲ್ಲ ಜೋಳದ ಹಿಟ್ಟು. ರೊಟ್ಟಿಯನ್ನು ಇಟ್ಟಲ್ಲೇ ಇಟ್ಟು ಕೈಯನ್ನು ಅದರ ಸುತ್ತ ಓಡಿಸುತ್ತಿದ್ದರು. ಒಂದು ಅಂಚು ದಪ್ಪ, ಇನ್ನೊಂದು ಹರಿದುಹೋಗಿತ್ತು. "ರೊಟ್ಟಿ ಒಯ್ಯಾಕ ಬಂದಿದ್ದ ಮೂಲಿಮನಿ ಅಜ್ಜಿ ಬೈದು ಹೋದ್ಲು. ಹೆಂಗೆ ತಟ್ಟದು, ತೋರ್ಸು," ಎಂದರು. ಪಕ್ಕದಲ್ಲಿ ಕೂತೆ. "ಕೈ ಅಲ್ಲೇ ಇರ್ಲಿ, ರೊಟ್ಟಿ ತಿರುಗಿಸ್ರಿ," ಎಂದೆ. ಹೇಳಿದ್ದೇ ತಡ ನನಗೇ ನಗು ಬಂತು, ಹಿಂದೆಯೇ ಅಳುವೂ. ಪಾಠ ಬಿಡುವ ಮಾತನ್ನು ನಾನು ಅವರಿಗೆ ಹೇಳಲೇ ಇಲ್ಲ.

ಕಳೆದ ಭಾನುವಾರ ಸರ್ ನನ್ನನ್ನು ಬೋರ್ಡಿಗೆ ಕರೆದರು. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂದು ಪುಸ್ತಕ ನೋಡದೆ ಸಾಧಿಸಿ ತೋರಿಸಿದೆ. ಯಾರೂ ನಗಲಿಲ್ಲ. ಪರೀಕ್ಷೆ ಬರೆದೇ ಬರೆಯುತ್ತೇನೆ ಅತ್ತೆ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಕಟ್ಟುತ್ತೇನೆ.

ಇನ್ನೊಂದು ಸುದ್ದಿ ಇದೆ. ಅದೇ ಭಾನುವಾರ ಬೆಳಿಗ್ಗೆ ಮೂಲೆಮನೆ ಅಜ್ಜಿಯ ಮನೆಗೆ ನೆಂಟರು ಬಂದು, ಹೆಚ್ಚು ರೊಟ್ಟಿ ಬೇಕೆಂದು ಹೇಳಿ ಕಳಿಸಿದ್ದರು. ಪಾಠಕ್ಕೆ ಹೊರಟಿದ್ದ ನಾನು ಚೀಲ ಕೆಳಗಿಟ್ಟು, ರೊಟ್ಟಿ ತಟ್ಟಲು ಸೆರಗು ಸಿಕ್ಕಿಸಿಕೊಂಡೆ. ನಿಮ್ಮ ಮಗ ಹಲಗೆಯಿಂದ ತಲೆ ಎತ್ತಲಿಲ್ಲ. ಒಲೆ ಮುಂದೆ ನೀವು ಆಡಿದ ರೊಟ್ಟಿಯ ಮಾತನ್ನು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಭಾನುವಾರದ ರೊಟ್ಟಿ ನಾನು ನೋಡ್ಕಂತೀನಿ," ಎಂದರು. "ನೀನು ಹೋಗು."