ಎರಡನೆಯ ಪುಸ್ತಕ

ಬೈಲಹೊಂಗಲ
3–2–1977

ಚಿ. ಸೌ. ಯಮುನಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಚಿರಂಜೀವಿ ಎಂದು ಬರೆದು ಮತ್ತೊಮ್ಮೆ ಓದಿಕೊಂಡೆ. ಈ ಮನೆಯಲ್ಲಿ ನಿನ್ನ ಹೆಸರಿಗೆ ಎಳ್ಳುನೀರು ಬಿಟ್ಟು ಆರು ವರ್ಷವಾಯಿತು. ನೀನು ನಿಜಗುಣಪ್ಪನನ್ನು ಮದುವೆಯಾದ ಸುದ್ದಿ ಬಂದ ದಿನವೇ ನಿಮ್ಮಪ್ಪ, “ಜಾತಿ ಬಿಟ್ಟಾಕಿ ನಮ್ಮ ಪಾಲಿಗೆ ಸತ್ತಂಗ” ಎಂದು ತಲೆಯ ಮೇಲೆ ನೀರು ಹಾಕಿಕೊಂಡರು. ಪತ್ರ ತಡವಾದರೆ ಕ್ಷಮೆ ಕೇಳುವುದು ರೂಢಿ. ಆರು ವರ್ಷಕ್ಕೆ ಎಂಥ ಕ್ಷಮೆ ಕೇಳಲಿ?

ಇಲ್ಲಿ ಎಲ್ಲರೂ ಕ್ಷೇಮ, ಅಂದರೆ ಊಟ-ನಿದ್ದೆಗೆ ಕೊರತೆಯಿಲ್ಲ. ನಿಮ್ಮಪ್ಪನ ಪೂಜೆ ಮೊದಲಿಗಿಂತ ಅರ್ಧ ತಾಸು ಹೆಚ್ಚಾಗಿದೆ. ಯಾವ ದೇವರಿಗೆ ಏನು ಸಮಜಾಯಿಷಿ ಕೊಡುತ್ತಾರೋ! ನಿನ್ನ ಸುದ್ದಿಯನ್ನು ಬೆಣ್ಣೆ ಮಾರುವ ಸುಂದರವ್ವ ತರುತ್ತಾಳೆ. ನೀನಿರುವ ಸುರೇಬಾನ ಅವಳ ತವರೂರು. “ಬಾಯಾರ, ನಿಮ್ಮ ಮಗಳ ಸಣ್ಣಾಕಿ ಮೂಗು ಥೇಟ್ ನಿಮ್ಮಂಗ ಐತ್ರಿ” ಎಂದಳು. ಅವತ್ತು ಬೇಕಿಲ್ಲದಿದ್ದರೂ ಒಂದು ಸೇರು ಬೆಣ್ಣೆ ತೆಗೆದುಕೊಂಡೆ. ಈ ಪತ್ರವನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಈಗ ನಗಬೇಡ. ನಿನ್ನ ಅವ್ವ ಫ್ರೆಂಚ್ ಕಲಿತಿದ್ದಾಳೆ. ನೀನು ಹೋದ ಮರುವರ್ಷದಿಂದ ಚಳಿಗಾಲಕ್ಕೊಮ್ಮೆ ಪಾಂಡಿಚೇರಿಯಿಂದ ಕ್ಲೇರ್ ಎಂಬ ಫ್ರೆಂಚ್ ಹೆಂಗಸು ನಮ್ಮ ತಾಳೆಗರಿಯ ಕಟ್ಟುಗಳನ್ನು ಓದಲು ಬಂದು ಒಂದು ತಿಂಗಳು ಇರುತ್ತಾಳೆ. ಸಂಸ್ಕೃತ ಓದುತ್ತಾಳೆ, ಕನ್ನಡ ಬಾರದು. ಓಣಿಯವರ ಬಾಯಲ್ಲಿ ಆಕೆ ಕ್ಲೇರಬಾಯಿ. ನಿಮ್ಮಪ್ಪ ಪುಣೆಯ ಕಾಲೇಜಿನಲ್ಲಿ ಫ್ರೆಂಚ್ ಓದಿದ್ದವರಲ್ಲವೇ, ಹೀಗಾಗಿ ನಮ್ಮಿಬ್ಬರ ನಡುವೆ ಅವರೇ. ನಾನು ನಾಲ್ಕು ಮಾತು ಆಡಿದರೆ ಅವರು ಒಂದು ದಾಟಿಸುವರು. ಆಕೆ ಹತ್ತು ಮಾತು ಆಡಿದರೆ ನನಗೆ ಬರುವುದು, “ಸಾರು ಛಲೋ ಆಗ್ಯದಂತ” ಎಂದಷ್ಟೇ. ಕಣ್ಣಲ್ಲಿ ನೀರು ತಂದುಕೊಂಡು ಯಾರಾದರೂ ಸಾರಿನ ಮಾತು ಆಡುತ್ತಾರೆಯೇ? ನನಗೆ ರೇಗುತ್ತಿತ್ತು.

ಫ್ರೆಂಚ್ ಕಲಿಯುವ ಮೊದಲನೆಯ ಪುಸ್ತಕವನ್ನು ಅವರೇ ಕಲಿಸಿದರು, ಪಾಪ, ಖುಷಿಯಿಂದಲೇ. ಬಿಸಿನೀರು ಬೇಕೇ, ಊಟಕ್ಕೆ ಏಳಿ, ಬಾಗಿಲು ಹಾಕಲೇ ಎನ್ನುವಷ್ಟು ಬಂದ ಮೇಲೆ, “ಸಾಕಿನ್ನ. ನೀ ಏನು ಪ್ಯಾರಿಸ್ಸಿಗೆ ಹೋಗಿ ಭಾಷಣಾ ಮಾಡಬೇಕಾಗ್ಯದೇನು?” ಎಂದು ಎರಡನೆಯ ಪುಸ್ತಕವನ್ನು ಟ್ರಂಕಿನಲ್ಲಿ ಹಾಕಿಟ್ಟರು. ಟ್ರಂಕಿಗೆ ಕೀಲಿ ಇರಲಿಲ್ಲ. ಅವರು ಮಧ್ಯಾಹ್ನ ಮಲಗಿದಾಗಲೆಲ್ಲ ಓದಿದೆ, ಮೂರು ವರ್ಷ. ಕ್ಲೇರಬಾಯಿ ಬಂದಾಗ ಹಿತ್ತಿಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಆಕೆಯೊಡನೆ ಮಾತಾಡಿದೆ. ಮಡಿಯ ಅಡಿಗೆಮನೆಗೆ ಆಕೆ ಬರುವಂತಿಲ್ಲ, ಹಿತ್ತಿಲಿಗೆ ಮಡಿಯಿಲ್ಲ. ನಾನು ತಡವರಿಸಿದರೆ ಆಕೆ ನಗುತ್ತಿರಲಿಲ್ಲ, ಕಾಯುತ್ತಿದ್ದಳು. ನನ್ನ ಮಾತು ಮುಗಿಯಲಿ ಎಂದು ಒಬ್ಬರು ಕಾದದ್ದು ನನ್ನ ಐವತ್ತೆರಡು ವರ್ಷದಲ್ಲಿ ಅದೇ ಮೊದಲು.

ಕಳೆದ ತಿಂಗಳು ನಿಮ್ಮಪ್ಪ ಸಂಪಗಾಂವಕ್ಕೆ ಮುಂಜಿಗೆ ಹೋಗಿದ್ದರು. ಕ್ಲೇರಬಾಯಿ ಹಿತ್ತಿಲಿಗೆ ನಿನ್ನ ನೋಟುಬುಕ್ಕುಗಳನ್ನು ತಂದಳು, ನೀನು ಸಾಲಿಯಲ್ಲಿದ್ದಾಗ ತಾಳೆಗರಿ ನೋಡಿ ನಕಲು ಮಾಡಿದ್ದವು. ಐದು ವರ್ಷದಿಂದ ಅವನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿದಳಂತೆ. ಪುಸ್ತಕ ಯುಗಾದಿಯ ಹೊತ್ತಿಗೆ ಅಚ್ಚಿಗೆ ಹೋಗುತ್ತದೆ, ಮೊದಲ ಪುಟದಲ್ಲಿ ‘ಎಳೆ ವಯಸ್ಸಿನಲ್ಲಿ ತೀರಿಕೊಂಡ ಯಮುನಾಳ ನೆನಪಿಗೆ’ ಎಂದು ಹಾಕಿಸುತ್ತೇನೆ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಅವಳಿಗೆ ಏನಾಗಿತ್ತು? ನಿಮ್ಮ ಯಜಮಾನರ ಮುಂದೆ ಕೇಳಲು ಧೈರ್ಯವಾಗಲಿಲ್ಲ.”

ಆರಿಸಿದ ಅಕ್ಕಿಯನ್ನೂ ಕಲ್ಲನ್ನೂ ಮತ್ತೆ ಕಲಸಿಬಿಟ್ಟೆ. ನನ್ನ ಮಗಳು ಸತ್ತಿಲ್ಲ ಎಂದೆ. ಸುರೇಬಾನದಲ್ಲಿದ್ದಾಳೆ, ಒಬ್ಬ ಮಾಸ್ತರನನ್ನು ಮದುವೆಯಾಗಿದ್ದಾಳೆ, ಎರಡು ಮಕ್ಕಳು, ನಾನು ಇನ್ನೂ ನೋಡಿಲ್ಲ ಎಂದೆ. ಒಂದೇ ಉಸಿರಿಗೆ ಹೇಳಿದೆ. ಕನ್ನಡದಲ್ಲಿ ಈ ಮಾತನ್ನು ನಾನು ಇಂದಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಆಡಿಲ್ಲ, ಯಮುನಾ.

ಮರುದಿನ ಪಡಸಾಲೆಯಲ್ಲಿ ಆಕೆಗೆ ಊಟ ಬಡಿಸುತ್ತಿದ್ದೆ. ನಿಮ್ಮಪ್ಪ ಊಟ ಮುಗಿಸಿ ಎಲೆ-ಅಡಿಕೆ ಹಾಕುತ್ತ ಕೂತಿದ್ದರು. ನೀನು ಬದುಕಿರುವುದು ನಿಜವೇ ಎಂದು ಆಕೆ ನೇರವಾಗಿ ಅವರನ್ನೇ ಕೇಳಿಬಿಟ್ಟಳು. ನನಗೆ ಫ್ರೆಂಚ್ ಎಷ್ಟು ಬರುತ್ತದೆ ಎಂಬುದು ಆಗ ಅವರಿಗೆ ಗೊತ್ತಾಯಿತು. ಗೊತ್ತಾದ ಮೇಲೂ ನನ್ನ ಮುಖ ನೋಡುತ್ತಲೇ ಆ ಭಾಷೆಯಲ್ಲೇ ಹೇಳಿದರು: “ಮಗಳು ಹೋದ ಮೇಲೆ ಇವಳ ತಲೆ ಸರಿಯಿಲ್ಲ. ಬದುಕಿದ್ದಾಳೆ ಎನ್ನುತ್ತಾಳೆ. ನೀವೂ ಹೌದು ಅಂದುಬಿಡಿ, ಸಮಾಧಾನವಾಗುತ್ತದೆ.” ಮೂವತ್ತು ವರ್ಷ ಸಂಸಾರ ಮಾಡಿದವರು ಎಷ್ಟು ಸಲೀಸಾಗಿ ಹುಚ್ಚಿಯ ಪಟ್ಟ ಕಟ್ಟಿದರು!

ಕ್ಲೇರಬಾಯಿ ಹೋಗಿ ಹತ್ತು ದಿನವಾಯಿತು. ನೀನು ಆಕೆಗೊಂದು ಪತ್ರ ಬರೆ. ಸಂಸ್ಕೃತದಲ್ಲಿ ಎರಡೇ ಸಾಲು ಸಾಕು, ನಿನ್ನ ಅಕ್ಷರವನ್ನು ಆಕೆ ಎಲ್ಲಿದ್ದರೂ ಗುರುತಿಸುತ್ತಾಳೆ. ಬರೆದ ತಾರೀಖು ಹಾಕುವುದನ್ನು ಮರೆಯಬೇಡ. ವಿಳಾಸ ಈ ಹಾಳೆಯ ಹಿಂದಿದೆ. ಮನೆಯಲ್ಲಿ ಸತ್ತವಳಾದದ್ದು ಸಾಕು, ಅಚ್ಚಿನಲ್ಲಿಯೂ ಸಾಯಬೇಡ.

ನಿಜಗುಣಪ್ಪನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ನೂರು ವರ್ಷ ಬಾಳಿರಿ.

ನಿನ್ನ ಅವ್ವ,
ಭಾಗೀರಥಿಬಾಯಿ

ತಾ.ಕ.: ಒಂದು ಸಂಗತಿ ಬಿಟ್ಟಿದ್ದೇನೆ. ಅದನ್ನು ಮುಚ್ಚಿಟ್ಟರೆ ನಿಮ್ಮಪ್ಪನಿಗೂ ನನಗೂ ಏನು ಫರಕು? ಅವರು ಹಾಗೆ ಹೇಳಿದ ಮೇಲೆ ಕ್ಲೇರಬಾಯಿ ಊಟ ನಿಲ್ಲಿಸಿ ನನ್ನ ಕಡೆ ತಿರುಗಿದಳು. “ನೀವೇ ಹೇಳಿ. ಯಮುನಾ ಬದುಕಿದ್ದಾಳೆಯೇ?” ಎಂದು ಕೇಳಿದಳು. ಹೊರಗಿನವರ ಎದುರು ಗಂಡನನ್ನು ಸುಳ್ಳುಗಾರನೆನ್ನಿಸಿ ನನಗೆ ರೂಢಿಯಿಲ್ಲ. ಇಲ್ಲ, ಸತ್ತಿದ್ದಾಳೆ ಎಂದು ಫ್ರೆಂಚಿನಲ್ಲೇ ಹೇಳಿದೆ. ಆ ಮಾತು ಆಡಿದವಳು ನಾನೇ, ಯಮುನಾ. ಆಗ ನಮ್ಮಿಬ್ಬರ ನಡುವೆ ಮಾತು ದಾಟಿಸಲು ಯಾರೂ ಇರಲಿಲ್ಲ.