ಕೈಮುಗಿದ ಫೋಟೊ

ನವೆಂಬರ್ ೧೮, ಮಂಗಳವಾರ. ಸಿಂಧನೂರು.

ದಸರೆಯಿಂದ ನಮ್ಮ ಅಕ್ಕಿ ಗಿರಣಿಯ ಮೇಲ್‌ಗಳೆಲ್ಲ ಗಿರಾಕಿಗಳ ಸ್ಪ್ಯಾಮ್‌ಗೆ ಬೀಳುತ್ತಿದ್ದವು. ಬೈಗುಳ ಮಾತ್ರ ನನಗೆ. “ಅನುಪಮಾ, ನಿನಗ ಒಂದು ಮೇಲ್ ಕಳಸಾಕ ಬರಂಗಿಲ್ಲೇನು?” ಎಂದು ಮಾಲೀಕರು ಹಮಾಲರ ಮುಂದೆಯೇ ಕೂಗಿದ್ದರು. ಮರೆತಿಲ್ಲ.

ಪ್ರತಿ ಮೇಲ್‌ನ ಕೆಳಗೂ ಫ್ಲೆಕ್ಸ್‌ನಲ್ಲಿರುವಂತೆ ತಮ್ಮ ಕೈಮುಗಿದ ದೊಡ್ಡ ಫೋಟೊ ಇರಬೇಕೆಂದು ಹಟ ಹಿಡಿದವರು ಅವರೇ!

ಇವತ್ತು ಅದೇ ಹಮಾಲರ ಎದುರು ನನ್ನ ಮೊಬೈಲಿಗೆ ಮೇಲ್ ಕಳಿಸಿ ತೋರಿಸಿದೆ. ಫೋಟೊ ಇದ್ದದ್ದು ಸ್ಪ್ಯಾಮ್‌ಗೆ ಹೋಯಿತು, ಇಲ್ಲದ್ದು ನೇರ ಇನ್‌ಬಾಕ್ಸ್‌ಗೆ.

“ಹಂಗ್ಯಾಕ?” ಎಂದರು ಮಾಲೀಕರು.

“ನಿಮ್ಮ ಮಾರಿ ನೋಡಿ ಮಶಿನ್ನು ಯಾರೋ ಮೋಸಗಾರರು ಅಂತ ತಿಳ್ಕೊಳಾಕತ್ತೈತ್ರಿ.”

ಕಸ ಗುಡಿಸುವ ಹುಸೇನಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಹೊಟ್ಟೆ ತಣ್ಣಗಾಯಿತು. ಪೂರ್ತಿ ಅಲ್ಲ.

ನಾಳೆ ಲಿಂಗಸುಗೂರಿನಿಂದ ಮಾಲೀಕರ ಹೊಸ ಬೀಗರು ಗಿರಣಿ ನೋಡಲು ಬರುತ್ತಾರೆ. ನಾಳೆಯೇ ಇನ್ನೊಂದು ಸಲ ಟೆಸ್ಟ್ ಮಾಡಬೇಕಾಗುತ್ತದೆ ಎಂದು ಮಾಲೀಕರಿಗೆ ಹೇಳಿಯೇ ಬಂದಿದ್ದೇನೆ.